ಚಪ್ಪಲಿ ಬಿಗಿಯಾಗಿದೆ, ಅಣ್ಣಯ್ಯ

3 ಆಗಸ್ಟ್ 2002

ನನ್ನ ಚಿನಕುರಳಿ ತಂಗಿಗೆ,

ನಿನ್ನ ಕಾಗದ ಬಂತು. ಓದಿ ಮುಗಿಸಿ ಮೊಳೆಯ ಡಬ್ಬಿಯ ಕೆಳಗಿಟ್ಟೆ. ಮನಸ್ಸು ತಡೆಯದೆ ಮತ್ತೆ ತೆಗೆದು ಓದಿದೆ. ನಿನಗೆ ಸಕ್ಕರೆ ಕಾಯಿಲೆಯೇ? ಮೂವತ್ತೆಂಟಕ್ಕೇ? ಪಕ್ಕದ ಗಡಿಯಾರದಂಗಡಿಯವನಿಗೆ ಹೇಳಿದೆ. ಅವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, "ನಿನ್ನ ತಂಗಿ ಬಾಯಿ ನಾನು ನೋಡಿಲ್ವಾ? ಅಷ್ಟು ಸಿಹಿ ಅವಳಿಗೆಲ್ಲಿಂದ ಬಂತಪ್ಪಾ?" ಎಂದ. ನಕ್ಕೆ. ಅವನು ಆ ಕಡೆ ಹೋದ ಮೇಲೆ ನಗು ಬರಲಿಲ್ಲ.

ನಮ್ಮಮ್ಮನ ಕಾಲು ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ತೀರಾ ಚಿಕ್ಕವಳು. ಕಲ್ಲು ಎಡವಿ ಹೆಬ್ಬೆರಳಿಗೆ ಒಂದು ಸಣ್ಣ ಗಾಯ, ಅಷ್ಟೇ. ಅದು ಮಾಯಲೇ ಇಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಮೊಣಕಾಲಿನವರೆಗೆ ಹೋಯಿತು. ಅವಳಿಗಿದ್ದದ್ದೂ ಇದೇ ಸಕ್ಕರೆ. ಚರ್ಮ ಸುತ್ತಿ ಬರುವ ಹಳೇ ಪತ್ರಿಕೆಗಳಲ್ಲೂ ಅದನ್ನೇ ಓದಿದ್ದೇನೆ. ನಾನು ಅಕ್ಷರ ಕಲಿತದ್ದೇ ಆ ಕಾಗದಗಳಿಂದ, ನಿನಗೆ ಗೊತ್ತಲ್ಲ. ಈ ಕಾಯಿಲೆ ಕಾಲಿನಿಂದ ಒಳಗೆ ಬರುತ್ತದಂತೆ.

ಕಾಲು ಎಂದ ಮೇಲೆ ಅದು ನನ್ನ ಇಲಾಖೆ. ಇವತ್ತಿನಿಂದ ನಿನ್ನ ಪಾದ ನನ್ನ ಜವಾಬ್ದಾರಿ. ನಿನ್ನ ಕಾಲಿನ ಮರದ ಅಚ್ಚು ಇಲ್ಲೇ ನನ್ನ ತಲೆಯ ಮೇಲಿನ ಹಲಗೆಯಲ್ಲಿದೆ. ವರ್ಷಕ್ಕೊಂದು ಜೊತೆ ಬರುತ್ತದೆ. ಮೊದಲನೆಯದನ್ನು ಒಳಗಡೆ ಒಂದು ಹೊಲಿಗೆಯೂ ತಾಗದ ಹಾಗೆ, ಮೊಳೆ ಬಡಿಯದೆ, ಮೇಣದ ದಾರದಲ್ಲೇ ಹೊಲಿದಿದ್ದೇನೆ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡ. ದಿನಾ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೋ. ನಿನ್ನ ಕಾಲಿಗೆ ಒಂದು ಗಾಯವಾಗುವುದಕ್ಕೂ ನಾನು ಬಿಡುವುದಿಲ್ಲ.

ಫೋನು ಮಾಡಬೇಡ. ಸುತ್ತಿಗೆ ಬಡಿದು ಬಡಿದು ನನ್ನ ಕಿವಿ ಮಂದವಾಗಿದೆ. ನೀನೊಂದು ಹೇಳಿದರೆ ನಾನೊಂದು ಕೇಳಿಸಿಕೊಂಡು ಸುಮ್ಮನೆ ಜಗಳವಾದೀತು. ಕಾಗದವೇ ವಾಸಿ. ನನ್ನ ಯೋಚನೆ ಬೇಡ, ಡಾಕ್ಟರ ಬಾಗಿಲು ತುಳಿದು ಎಷ್ಟು ವರ್ಷವಾಯಿತೋ. ಚರ್ಮ ಬಡಿಯುವವನ ಮೈ ಚರ್ಮದಷ್ಟೇ ಗಟ್ಟಿ.

ಸೊಸೆಗೆ ಒಂದು ಮುತ್ತು. ಅವಳ ಸ್ಕೂಲಿನ ಬೂಟು ಮುಂದಿನ ಪಾರ್ಸೆಲ್ಲಿನಲ್ಲಿ.

ನಿನ್ನ ಅಣ್ಣ


17 ಫೆಬ್ರವರಿ 2009

ಪ್ರೀತಿಯ ಅಣ್ಣಯ್ಯನಿಗೆ,

ಚಪ್ಪಲಿ ಬಂದವು. ಕಾಲಿಟ್ಟ ಕೂಡಲೇ ಪಾದ ನಿಟ್ಟುಸಿರು ಬಿಟ್ಟಿತು. ಲಾಂಡ್ರಿಯಲ್ಲಿ ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ನಮ್ಮ ಮೇಲ್ವಿಚಾರಕಿ, "ಇಂಥ ಅಣ್ಣ ಎಲ್ಲಿ ಸಿಗ್ತಾನೆ ಹೇಳೇ, ನಾನೂ ಒಂದು ಜೊತೆ ತಗೋತೀನಿ" ಎಂದಳು. ಕೆಲಸ ಹಾಗೇ ನಡೆದಿದೆ. ಹೋಟೆಲುಗಳ ಹಾಸಿಗೆ ಹೊದಿಕೆ ಬೆಟ್ಟದ ಹಾಗೆ ಬಂದು ಬೀಳುತ್ತದೆ, ಬಿಸಿ ಇಸ್ತ್ರಿಯ ಮುಂದೆ ದಿನವೆಲ್ಲ ನಿಂತೇ ಇರುತ್ತೇನೆ. ಭುಜದ ನೋವಿಗೆ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗುತ್ತೇನೆ. ಅದಿಲ್ಲದಿದ್ದರೆ ಕೈ ಮೇಲೇಳುವುದಿಲ್ಲ.

ಕಾಲಿಗೆ ಒಂದು ಗೀರೂ ಇಲ್ಲ. ಅಂಗಾಲು ನೋಡಿಕೊಳ್ಳುವಾಗ ನಿನ್ನ ಮಗಳಂಥ ಸೊಸೆ, "ಏನಮ್ಮ, ಮುಖ ನೋಡ್ಕೊಳ್ಳೋ ವಯಸ್ಸಲ್ಲಿ ಕಾಲು ನೋಡ್ಕೋತೀಯಾ?" ಎಂದು ಕಾಡುತ್ತಾಳೆ.

ಡಾಕ್ಟರದ್ದೊಂದು ಹೊಸ ರಗಳೆ. ಬೆಳಗಿನ ಮೊದಲ ಮೂತ್ರವನ್ನು ಡಬ್ಬಿಯಲ್ಲಿ ಹಿಡಿದು ತರಬೇಕಂತೆ. ಕಿಡ್ನಿ ನೋಡುವುದಕ್ಕಂತೆ, ಪ್ರತಿ ವರ್ಷವೂ. ಹೋದ ವರ್ಷವೂ ಹೇಳಿದ್ದರು, ಮಾಡಿಸಲಿಲ್ಲ. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ನಿಲ್ಲಲೇ? ಡ್ರೈವರು ಬ್ರೇಕು ಹಾಕಿದರೆ ನನ್ನ ಮರ್ಯಾದೆಯ ಗತಿ? ನನಗೆ ಉರಿಯಿಲ್ಲ, ನೋವಿಲ್ಲ. ಇಲ್ಲದ ನೋವಿಗೆ ಯಾಕೆ ಪರೀಕ್ಷೆ, ಅಲ್ಲವೇ?

ನಿನ್ನ ತಂಗಿ


8 ಮಾರ್ಚ್ 2009

ಚಿನಕುರಳಿಗೆ,

ಬಸ್ಸಿನ ಕಥೆ ಓದಿ ಕೈಯಲ್ಲಿದ್ದ ದಬ್ಬಳ ಕೆಳಗೆ ಬಿತ್ತು. ಗಡಿಯಾರದವನಿಗೂ ಓದಿ ಹೇಳಿದೆ, ಕೆಮ್ಮು ಬರುವವರೆಗೆ ನಕ್ಕ. ಡಾಕ್ಟರುಗಳು ಹಾಗೇ, ಹೋದವರ ಕೈಗೆ ಏನಾದರೊಂದು ಚೀಟಿ ಕೊಡದೆ ಕಳಿಸುವುದಿಲ್ಲ. ಪುರುಸೊತ್ತಾದಾಗ ಮಾಡಿಸಿಬಿಡು, ಅವರ ಸಮಾಧಾನಕ್ಕೆ. ಕಾಲಿನದು ಮಾತ್ರ ಮರೆಯಬೇಡ.

ಅಣ್ಣ


12 ಅಕ್ಟೋಬರ್ 2014

ಅಣ್ಣಯ್ಯನಿಗೆ,

ಕೋಪ ಮಾಡಿಕೊಳ್ಳಬೇಡ. ಈ ಸಲದ ಚಪ್ಪಲಿ ಬಿಗಿಯಾಗಿದೆ, ಅಣ್ಣಯ್ಯ. ಬೆಳಿಗ್ಗೆ ಹೇಗೋ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಚರ್ಮದೊಳಗೆ ಹುಗಿದುಹೋಗುತ್ತದೆ. ಬಿಚ್ಚಿದರೆ ಪಾದದ ಮೇಲೆ ಅದರ ಅಚ್ಚು ರೊಟ್ಟಿಯ ಮೇಲೆ ಬೆರಳೊತ್ತಿದ ಹಾಗೆ ಕೂತಿರುತ್ತದೆ. ಇಸ್ತ್ರಿ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಕೆಲಸ ಮಾಡುತ್ತೇನೆ. ಬೈಯಬೇಡ, ಕೆಳಗೆ ಬಟ್ಟೆ ಹಾಸಿಕೊಂಡಿರುತ್ತೇನೆ.

ಒಂದು ಬೆರಳಿನಷ್ಟು ಸಡಿಲ ಮಾಡಿದರೆ ಸಾಕು. ಬೇರೆಲ್ಲಾ ಕ್ಷೇಮ. ನಿನ್ನ ಸೊಸೆಗೆ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಗಾಜಿನ ಹಿಂದೆ ಕೂತು ಊರಿಗೆಲ್ಲ ಚಿಲ್ಲರೆ ಕೇಳುತ್ತಾಳೆ.

ನಿನ್ನ ತಂಗಿ


2 ನವೆಂಬರ್ 2014

ಚಿನಕುರಳಿಗೆ,

ಕೋಪ ಯಾತಕ್ಕೆ? ನಿನ್ನ ಅಚ್ಚನ್ನು ಕೆಳಗಿಳಿಸಿ ಟೇಪು ಹಿಡಿದೆ. ಅದೇ ಅಳತೆ. ಮರ ಊದುವುದಿಲ್ಲ, ಕುಗ್ಗುವುದಿಲ್ಲ. ಅಂದರೆ ತಪ್ಪು ನನ್ನ ಕೈಯದು. ಕಣ್ಣು ಮಂಜಾಗುತ್ತಿದೆ, ಚರ್ಮ ಕತ್ತರಿಸುವಾಗ ಗೆರೆಯ ಒಳಗೆ ಬಂದಿರಬೇಕು. ಗಡಿಯಾರದವನನ್ನು ಕೇಳಿದೆ. "ವಯಸ್ಸಾಯ್ತು ಕಣಯ್ಯಾ. ನಾನು ಮುಳ್ಳು ಜೋಡಿಸಿದ್ರೆ ಗಂಟೆ ತಪ್ಪುತ್ತೆ, ನೀನು ಹೊಲಿದ್ರೆ ಕಾಲು ತಪ್ಪುತ್ತೆ" ಎಂದ. ಅವನು ತಮಾಷೆಗೆ ಅಂದದ್ದು. ನನಗೆ ಆ ದಿನ ಊಟ ಸೇರಲಿಲ್ಲ.

ನಲವತ್ತು ವರ್ಷದಲ್ಲಿ ಯಾರೂ ನನ್ನ ಚಪ್ಪಲಿ ಬಿಗಿಯೆಂದು ವಾಪಸು ತಂದಿರಲಿಲ್ಲ. ಹೇಳಿದವಳು ನೀನಾದ್ದರಿಂದ ಸರಿ, ಬೇರೆಯವರಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅಚ್ಚಿನ ಮೇಲೆ ಎರಡು ಸುತ್ತು ಚರ್ಮ ಅಂಟಿಸಿ ದಪ್ಪ ಮಾಡಿ ಹೊಸ ಜೊತೆ ಹೊಲಿದಿದ್ದೇನೆ. ಇದರೊಂದಿಗೆ ಕಳಿಸಿದ್ದೇನೆ. ಹೇಗಿದೆ ಬರೆ.

ಅಣ್ಣ


21 ಮಾರ್ಚ್ 2015

ಅಣ್ಣಯ್ಯನಿಗೆ,

ಮೊದಲು ಸಿಹಿ ಸುದ್ದಿ. ಸಕ್ಕರೆ ಇಳಿದಿದೆ! ಮೆಡಿಕಲ್ ಶಾಪಿನವನು ಬೆರಳು ಚುಚ್ಚಿ ನೋಡಿ ತಾನೇ ನಂಬಲಿಲ್ಲ, ಎರಡನೇ ಸಲ ಚುಚ್ಚಿದ. ಮೊದಲಿನಂತೆ ಮಾತ್ರೆ ನುಂಗಿದರೆ ಈಗ ಮೈ ಬೆವರಿ ತಲೆ ತಿರುಗುತ್ತದೆ. ಬಾಯಿಗೊಂದು ಸಕ್ಕರೆ ಅಚ್ಚು ಹಾಕಿಕೊಂಡರೆ ಸರಿಹೋಗುತ್ತದೆ. ಅದಕ್ಕೆ ನಾನೇ ಮಾತ್ರೆ ಅರ್ಧ ಮಾಡಿದೆ. ಆದರೂ ಏರಿಲ್ಲ. ಹದಿಮೂರು ವರ್ಷ ಕಾಡಿ ಕಾಡಿ ಅದಕ್ಕೇ ಸಾಕಾಯಿತೇನೋ. ಡಾಕ್ಟರ ಹತ್ತಿರ ಹೋಗಿ ಎಷ್ಟೋ ಕಾಲವಾಯಿತು, ಇನ್ನು ಹೋಗುವ ಅಗತ್ಯವೇ ಇಲ್ಲ ಅನಿಸುತ್ತದೆ.

ಹೊಸ ಚಪ್ಪಲಿಯೂ ಮಧ್ಯಾಹ್ನದ ಹೊತ್ತಿಗೆ ಹಿಡಿಯುತ್ತಿದೆ. ನಿಂತು ನಿಂತು ಇರಬೇಕು. ಸ್ವಲ್ಪ ಸುಸ್ತು, ವಯಸ್ಸಲ್ಲವೇ. ನಿನ್ನ ಸೊಸೆ ಮೊನ್ನೆ, "ಬಚ್ಚಲಲ್ಲಿ ಇಷ್ಟೊಂದು ನೊರೆ ಯಾಕಮ್ಮಾ?" ಎಂದಳು. "ದಿನವೆಲ್ಲ ಸೋಪಿನ ನೀರಲ್ಲಿ ಮುಳುಗಿ ಬರ್ತೀನಿ, ನನ್ನ ಮೈಯಿಂದ ನೊರೆ ಬರದೆ ಇನ್ನೇನು ಬರುತ್ತೆ?" ಎಂದೆ. ಲಾಂಡ್ರಿಯವಳ ಮನೆಯಲ್ಲಿ ನೊರೆಗೇನು ಬರ!

ತಂಗಿ


10 ಏಪ್ರಿಲ್ 2015

ಚಿನಕುರಳಿಗೆ,

ಸಕ್ಕರೆ ಇಳಿದ ಸುದ್ದಿ ಓದಿ ಎದ್ದು ನಿಂತುಬಿಟ್ಟೆ. ಗಡಿಯಾರದವನಿಗೆ ಟೀ ಕುಡಿಸಿದೆ. ನನ್ನ ಲೋಟಕ್ಕೆ ಎರಡು ಚಮಚ ಜಾಸ್ತಿ ಹಾಕಿಸಿಕೊಂಡೆ, ನಿನ್ನ ಲೆಕ್ಕದ್ದು ಎಂದು. ಅಮ್ಮನಿಗೆ ಆಗದ್ದು ನಿನ್ನಿಂದ ಆಯಿತು ನೋಡು.

ಚಪ್ಪಲಿಯ ವಿಷಯ. ಬೇಸರದಿಂದ ಬರೆಯುತ್ತಿಲ್ಲ, ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ಎರಡನೇ ಜೊತೆಯೂ ತಪ್ಪಿತು ಎಂದ ಮೇಲೆ ಇನ್ನು ಸಮರ್ಥನೆ ಇಲ್ಲ. ಕಣ್ಣು ಕಟ್ಟಿ ಬಿಟ್ಟರೂ ನಿನ್ನ ಕಾಲಿಗೆ ಹೊಲಿಯುತ್ತೇನೆ ಎಂದುಕೊಂಡಿದ್ದವನು ನಾನು. ನಿನ್ನ ಕಾಲೇ ತಪ್ಪಿದರೆ ಊರವರ ಕಾಲಿಗೆ ಹೇಗೆ ಹೊಲಿಯಲಿ? ಈ ಬೇಸಗೆ ಮುಗಿದ ಮೇಲೆ ಅಂಗಡಿ ಮುಚ್ಚುತ್ತೇನೆ. ಉಳಿ, ದಬ್ಬಳಗಳನ್ನು ಯಾರಾದರೂ ಹೊಸಬರಿಗೆ ಕೊಡುತ್ತೇನೆ. ಮನೆಯಲ್ಲಿ ಕೂತು ಪತ್ರಿಕೆ ಓದುತ್ತೇನೆ. ನೀನು ಯಾವುದಾದರೂ ಒಳ್ಳೆಯ ಅಂಗಡಿಯಲ್ಲಿ ಮೆತ್ತನೆಯ ಚಪ್ಪಲಿ ಕೊಂಡುಕೋ.

ಅಣ್ಣ


24 ಏಪ್ರಿಲ್ 2015

ಅಣ್ಣಯ್ಯ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಗಡಿ ಮುಚ್ಚಬೇಡ. ಚರ್ಮ ಹಿಗ್ಗಿತು! ನಾಲ್ಕು ದಿನ ಬಿಚ್ಚದೆ ಹಾಕಿಕೊಂಡು ಓಡಾಡಿದ ಮೇಲೆ ಈಗ ಹೂವಿನ ಹಾಗಿದೆ. ನಾನೇ ಅವಸರದವಳು, ಸರಿಯಾಗಿ ಹಾಕಿ ಪಳಗಿಸುವ ಮೊದಲೇ ಬಿಗಿಯೆಂದು ಬರೆದೆ. ನಿನ್ನ ಕೈ ತಪ್ಪಿಲ್ಲ. ಸಂಜೆಯವರೆಗೂ ಹಾಕಿಕೊಂಡೇ ಇರುತ್ತೇನೆ.

ತಂಗಿ


6 ಮೇ 2015

ನನ್ನ ಚಿನಕುರಳಿ, ನನ್ನ ಬಂಗಾರ,

ಹೌದಲ್ಲ! ಆ ಚರ್ಮ ಹಿಗ್ಗುವ ಜಾತಿಯದು. ಅದನ್ನು ನಾನು ಮರೆತದ್ದೇ ತಪ್ಪು. ನಿನ್ನ ಕಾಗದವನ್ನು ಗಡಿಯಾರದವನ ಮೂಗಿನ ಮುಂದೆ ಹಿಡಿದೆ. "ಸರಿ ಮಾರಾಯ, ನೀನೇ ರಾಜ" ಎಂದ. ಮುಚ್ಚುತ್ತೇನೆಂದು ಬಾಗಿಲಿಗೆ ಬರೆದು ಹಾಕಿದ್ದ ರಟ್ಟನ್ನು ತಿರುಗಿಸಿ, ಹಿಂದುಗಡೆ 'ಬೂಟು ಚಪ್ಪಲಿ ಅಳತೆಗೆ ಹೊಲಿಯಲಾಗುವುದು' ಎಂದು ಬರೆದೆ. ಈ ವಾರ ಮೂರು ಹೊಸ ಗಿರಾಕಿ.

ಸಕ್ಕರೆ ಇಳಿಯಿತು, ಚಪ್ಪಲಿ ಹಿಡಿಯಿತು. ಇನ್ನೇನು ಬೇಕು ನಮಗೆ? ಮುಂದಿನ ವರ್ಷ ಕಂದು ಬಣ್ಣದ್ದು ಹೊಲಿಯುತ್ತೇನೆ. ಸುಸ್ತು ಎಂದಿದ್ದೆಯಲ್ಲ, ಚೆನ್ನಾಗಿ ಊಟ ಮಾಡು.

ಅಣ್ಣ


19 ಜನವರಿ 2016

ಮಾವನಿಗೆ ನಮಸ್ಕಾರ.

ಈ ಕಾಗದ ಅಮ್ಮನದಲ್ಲ, ನನ್ನದು. ಬರೆಯಬಾರದು ಎಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದು ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದೆ ಅಮ್ಮ ಲಾಂಡ್ರಿಯಲ್ಲಿ ಉಸಿರು ಕಟ್ಟಿ ಬಿದ್ದರು. ಆಸ್ಪತ್ರೆಗೆ ಒಯ್ದಾಗ ಶ್ವಾಸಕೋಶದಲ್ಲೆಲ್ಲ ನೀರು. ಎರಡೂ ಕಿಡ್ನಿ ಹೋಗಿವೆ, ಮಾವ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಮ್ಮನ ರಕ್ತವನ್ನು ಹೊರಗೆ ತಂದು, ಯಂತ್ರದಲ್ಲಿ ತೊಳೆದು, ವಾಪಸು ಒಳಗೆ ಬಿಡುತ್ತಾರೆ. ಬದುಕಿರುವವರೆಗೂ ಹೀಗೇ, ಇಲ್ಲವೇ ಯಾರಾದರೂ ಒಂದು ಕಿಡ್ನಿ ಕೊಡಬೇಕು. ನನ್ನದು ಕೊಡುತ್ತೇನೆ ಎಂದೆ. ಅಮ್ಮ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟರು.

ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ. ಇದು ಹೋದ ವರ್ಷ ಬಂದದ್ದಲ್ಲವಂತೆ. ಹತ್ತು ವರ್ಷದಿಂದ ಸಕ್ಕರೆಯೂ ಬಿ.ಪಿ.ಯೂ ಸೇರಿ ಕಿಡ್ನಿಯನ್ನು ಸವೆಸುತ್ತಾ ಬಂದಿವೆ. ನೋವಿನ ಮಾತ್ರೆಯೂ ತನ್ನ ಪಾಲು ಸೇರಿಸಿದೆ. ನಾವು ಸೋಪೆಂದುಕೊಂಡ ನೊರೆ, ಅಮ್ಮನ ಮೈಯ ಸತ್ವ ಸೋರಿಹೋಗುತ್ತಿದ್ದದ್ದು. ಸಕ್ಕರೆ ಇಳಿದದ್ದೂ ಗುಣವಾಗಿ ಅಲ್ಲ. ಕಿಡ್ನಿ ಕೆಟ್ಟ ಮೇಲೆ ಮಾತ್ರೆ ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲವಂತೆ. ಒಳಗೇ ಉಳಿದು ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದಂತೆ. ನಾವು ಹಿಗ್ಗಿದ ದಿನಗಳೇ ತೀರಾ ಕೆಟ್ಟ ದಿನಗಳು.

ಇನ್ನೊಂದು ಮಾತು. ನೀವು ಹೊಲಿದ ಆ ಜೊತೆ ಹಿಗ್ಗಲಿಲ್ಲ. ಅಮ್ಮನ ಕಾಲಿನಲ್ಲಿ ನೀರು ತುಂಬಿತ್ತು. ನೀವು ಅಂಗಡಿ ಮುಚ್ಚುತ್ತೀರೆಂದು ಹೆದರಿ ಸುಳ್ಳು ಬರೆದರು. ಗಂಡಸರ ರಬ್ಬರ್ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನ ಕಾಲು ಹಿಡಿದು ನೋಡಿ, "ಇಷ್ಟು ವರ್ಷದ ಸಕ್ಕರೆಗೆ ಇಷ್ಟು ಚೆನ್ನಾಗಿರೋ ಪಾದ ನಾನು ನೋಡೇ ಇಲ್ಲ, ಯಾರು ನೋಡ್ಕೊಂಡ್ರು?" ಎಂದರು. ಅಮ್ಮ ಬಾಯಿಗೆ ಆಮ್ಲಜನಕದ ಮಾಸ್ಕು ಇಟ್ಟುಕೊಂಡೇ, "ನಮ್ಮಣ್ಣ" ಎಂದರು.

ನಿಮ್ಮ ಸೊಸೆ


2 ಫೆಬ್ರವರಿ 2016

ತಂಗಿಗೆ,

ಅವಳನ್ನು ಬೈಯಬೇಡ. ಬರೆದದ್ದು ಒಳ್ಳೆಯದೇ ಆಯಿತು.

ನೀನು ಬಿಗಿಯೆಂದು ಬರೆದೆ, ನಾನು ಚರ್ಮ ನೋಡಿದೆ. ಮತ್ತೆ ಬಿಗಿಯೆಂದು ಬರೆದೆ, ನಾನು ನನ್ನ ಕಣ್ಣು ನೋಡಿದೆ, ಕೈ ನೋಡಿದೆ, ಮರದ ಅಚ್ಚು ನೋಡಿದೆ. ಕಾಲು ಯಾಕೆ ದಪ್ಪವಾಯಿತು ಎಂದು ಒಂದು ಸಲವೂ ಕೇಳಲಿಲ್ಲವಲ್ಲೇ. ಯಾರೋ ಗಿರಾಕಿ ಬಂದು ಮೆಟ್ಟಿಲ ಮೇಲೆ ಕೂತು ಹೇಳಿದ್ದರೂ ಮೊದಲು ಕಾಲು ಮುಟ್ಟಿ ನೋಡುತ್ತಿದ್ದೆ. ನೀನು ದೂರದಲ್ಲಿದ್ದೆ, ನನ್ನ ಕೈಗೆ ಸಿಕ್ಕಿದ್ದು ಮರ.

ಈ ಮಾತನ್ನು ಇಲ್ಲಿಗೆ ಬಿಡುತ್ತೇನೆ, ಅಳುತ್ತಾ ಕೂತರೆ ನಿನ್ನ ರಕ್ತ ತೊಳೆದ ಹಾಗಾಗುವುದಿಲ್ಲ. ಮಗಳ ಕಿಡ್ನಿ ಬೇಡವೆಂದೆಯಂತೆ. ಸರಿಯೇ, ಅವಳ ಮುಂದೆ ಬದುಕಿದೆ. ನನ್ನದು ತೆಗೆದುಕೋ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹೊಂದಿಕೊಳ್ಳುತ್ತದೆ. ಅರವತ್ತೆರಡು ಏನು ಮಹಾ ವಯಸ್ಸು? ಒಂದು ದಿನವೂ ಕಾಯಿಲೆಯೆಂದು ಮಲಗಿದವನಲ್ಲ.

ಅಣ್ಣ


13 ಫೆಬ್ರವರಿ 2016

ಅಣ್ಣಯ್ಯ,

ಬೇಡ. ನಿನ್ನನ್ನು ಕುಯ್ಯಿಸಿ ನಾನು ಬದುಕುವುದು ಬೇಡ. ಬರಲೂ ಬೇಡ. ನನ್ನ ಮುಖ ಈಗ ನಾನೇ ನೋಡಿಕೊಳ್ಳುವುದಿಲ್ಲ. ನಾನು ಆರಾಮ. ಯಂತ್ರದ ಪಕ್ಕ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ತಂಗಿ


30 ಮಾರ್ಚ್ 2016

ತಂಗಿಗೆ,

ನೀನು ಬೇಡವೆಂದರೂ ನಾನು ಇಲ್ಲಿಯ ಆಸ್ಪತ್ರೆಗೆ ಹೋದೆ. ಬಂದರೆ ಬರಿಗೈಯಲ್ಲಿ ಬರಬಾರದು, ಕಿಡ್ನಿ ಕೊಡಬಹುದು ಎಂಬ ಡಾಕ್ಟರ ಮಾತು ಹಿಡಿದುಕೊಂಡೇ ಬರಬೇಕು ಎಂದುಕೊಂಡಿದ್ದೆ. ಗಡಿಯಾರದವನು ಅಂಗಡಿಗೆ ಬೀಗ ಹಾಕಿ ಜೊತೆಗೆ ಬಂದ, ನನ್ನ ಕಿವಿಯಾಗಿ.

ರಕ್ತ ಕೊಟ್ಟೆ. ಮೂತ್ರ ಕೊಟ್ಟೆ, ಅದೇ ಡಬ್ಬಿಯಲ್ಲಿ. ವಾರ ಬಿಟ್ಟು ಕರೆದರು. ಡಾಕ್ಟರು ನಮ್ಮ ಸೊಸೆಯ ವಯಸ್ಸಿನ ಹೆಣ್ಣುಮಗಳು. ಅವಳು ಮೆಲ್ಲಗೆ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಗಡಿಯಾರದವನ ಮುಖ ನೋಡಿದೆ. "ಏನಂತೆ, ಹೇಳೋ!" ಎಂದೆ. ಅವನು ನನ್ನ ಕಿವಿಗೆ ಬಾಯಿಟ್ಟು, "ನಿನಗೂ ಸಕ್ಕರೆ ಇದೆಯಂತೆ ಕಣೋ! ಎಷ್ಟೋ ವರ್ಷದಿಂದ ಇದೆಯಂತೆ! ನಿನ್ನ ಕಿಡ್ನಿನೂ ಸೋರ್ತಾ ಇದೆಯಂತೆ!" ಎಂದು ಕೂಗಿದ. ಹೊರಗೆ ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಆ ಹೆಣ್ಣುಮಗಳು ನನಗಾಗಿ ಒಂದು ಕಾಗದದಲ್ಲಿ ಚಿತ್ರ ಬರೆದಳು. ಕಿಡ್ನಿ ಎಂದರೆ ತೀರಾ ಸಣ್ಣ ಕಣ್ಣಿನ ಜರಡಿಯಂತೆ. ಕೊಳೆಯನ್ನು ಕೆಳಗೆ ಬಿಟ್ಟು ಒಳ್ಳೆಯದನ್ನು ಮೇಲೆ ಉಳಿಸಿಕೊಳ್ಳುತ್ತದೆ. ಸಕ್ಕರೆಯ ರಕ್ತ ಹರಿದು ಹರಿದು ಅದರ ಕಣ್ಣು ಹಿಗ್ಗುತ್ತದೆ, ಒಳ್ಳೆಯದೂ ಸೋರುತ್ತದೆ. ಕೊನೆಗೆ ಜರಡಿಯೇ ಗಟ್ಟಿಕಟ್ಟಿ ಮುಚ್ಚಿಹೋಗುತ್ತದೆ. ಅಲ್ಲಿಯವರೆಗೆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ನನ್ನದು ಸೋರುವ ಹಂತದಲ್ಲಿದೆ, ಮುಚ್ಚಿಲ್ಲ. ಮಾತ್ರೆ ಬಿಡದೆ ನುಂಗಿದರೆ, ಉಪ್ಪು ಸಕ್ಕರೆ ಎರಡನ್ನೂ ಹಿಡಿತದಲ್ಲಿಟ್ಟರೆ ತಡೆದು ನಿಲ್ಲಿಸಬಹುದಂತೆ. ಆದರೆ ಯಾರಿಗೂ ಕೊಡುವ ಹಾಗಿಲ್ಲ.

ಅಮ್ಮನ ಮುಖ ಕೊನೆಗೆ ಊದಿದ್ದು ಈಗ ನೆನಪಾಗುತ್ತಿದೆ. ಮಲಗಿದ್ದು ಮಲಗಿದ್ದು ಹಾಗಾಗಿದೆ ಎಂದರು ಎಲ್ಲರೂ. ನಾವು ಅವಳ ಕಾಲು ಕಡಿದದ್ದನ್ನೇ ನೋಡಿ ಅತ್ತೆವು.

ರಕ್ತದ ಗುಂಪು ಹೊಂದಲಿಲ್ಲ ಎಂದು ನಿನಗೆ ಬರೆದುಬಿಡೋಣ ಎಂದುಕೊಂಡೆ. ಗಡಿಯಾರದವನೂ, "ಹಾಗೇ ಬರಿ, ಪಾಪ, ಅವಳಿಗೆ ಇನ್ನೊಂದು ಭಾರ ಯಾಕೆ?" ಎಂದ. ಬರೆಯಲು ಕೂತೆ. ಕೈ ಬರಲಿಲ್ಲ. ನಿನಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲವಾಯಿತಲ್ಲೇ, ತಾಯೀ.

ಅಣ್ಣ


16 ಏಪ್ರಿಲ್ 2016

ಅಣ್ಣಯ್ಯ,

ಪೆನ್ನು ಹಿಡಿದು ಕೂರಲು ನನಗೆ ಶಕ್ತಿಯಿಲ್ಲ. ನಾನು ಹೇಳಿದ್ದನ್ನು ನಿನ್ನ ಸೊಸೆ ಬರೆಯುತ್ತಿದ್ದಾಳೆ. ಮೆತ್ತಗೆ ಮಾಡಿ ಬರೆಯಬೇಡ, ಹೇಳಿದ ಹಾಗೇ ಬರೆ ಎಂದಿದ್ದೇನೆ.

ಆರಾಮ ಎಂದು ಬರೆದಿದ್ದೆನಲ್ಲ, ಅದೆಲ್ಲ ಸುಳ್ಳು. ಈಗ ನಿನ್ನನ್ನು ಹೆದರಿಸುವುದಕ್ಕೆಂದೇ ನಿಜ ಹೇಳುತ್ತೇನೆ, ಕೇಳು. ನನಗೆ ದಿನಕ್ಕೆ ಎರಡು ಲೋಟ ನೀರು, ಅಷ್ಟೇ. ಟೀ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಅದರಲ್ಲೇ. ನಾಲಿಗೆ ಚರ್ಮದ ತುಂಡಾಗಿ ಬಾಯೊಳಗೆ ಬಿದ್ದಿರುತ್ತದೆ. ಒಂದು ಮಂಜುಗಡ್ಡೆ ಚೂರು ಕೊಡುತ್ತಾಳೆ ಮಗಳು. ಅದು ಕರಗುವವರೆಗೆ ನಾನು ರಾಣಿ. ಏನು ತಿಂದರೂ ಕಬ್ಬಿಣ ನೆಕ್ಕಿದ ರುಚಿ. ಮೈಯೆಲ್ಲ ತುರಿಕೆ, ಮೇಲಲ್ಲ, ಒಳಗೆ, ಉಗುರು ತಲುಪದ ಕಡೆ. ಯಂತ್ರದ ಮೇಲೆ ಇರುವಾಗ ಮೀನಖಂಡ ಹಿಡಿದು ತಿರುಚುತ್ತದೆ. ಕಿರುಚುತ್ತೇನೆ ಅಣ್ಣಯ್ಯ, ನಾಚಿಕೆ ಬಿಟ್ಟು. ಬಸ್ಸಿನಲ್ಲಿ ಡಬ್ಬಿ ಹಿಡಿಯಲು ನಾಚಿದವಳು ನಾನೇ. ಈಗ ನನ್ನ ರಕ್ತ ನಾಲ್ಕು ಜನರ ಮುಂದೆ ಕೊಳವೆಯಲ್ಲಿ ಓಡುತ್ತದೆ.

ಸೂಜಿ ಹಾಕಲು ಮುಂಗೈಯಲ್ಲಿ ಎರಡು ನರ ಕೂಡಿಸಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ. ನಿದ್ದೆ ಬಾರದಾಗ ಅದನ್ನೇ ಮುಟ್ಟಿಕೊಂಡು ಮಲಗುತ್ತೇನೆ. ಇನ್ನೂ ಇದ್ದೇನೆ ಎಂದು ಗೊತ್ತಾಗುತ್ತದೆ.

ಇದೆಲ್ಲ ನಿನಗೆ ಬೇಕಾ? ಬೇಡ ತಾನೇ? ಹಾಗಾದರೆ ಮಾತ್ರೆ ನುಂಗು. ಟೀಗೆ ಸಕ್ಕರೆ ಹಾಕಿಸಿಕೊಂಡೆ ಎಂದು ಇನ್ನೊಂದು ಸಲ ಬರೆದರೆ ನೋಡು. ಕೊಡಲು ಏನೂ ಇಲ್ಲ ಎಂದೆಯಲ್ಲ, ಇದನ್ನು ಕೊಡು. ಮೂರು ತಿಂಗಳು ಬಿಡದೆ ನುಂಗಿ, ಮತ್ತೆ ಪರೀಕ್ಷೆ ಮಾಡಿಸಿ, ಸೋರುವುದು ಕಡಿಮೆಯಾಗಿದೆ ಎಂಬ ಚೀಟಿ ಹಿಡಿದುಕೊಂಡು ಬಾ. ಅದಿಲ್ಲದೆ ಬಂದರೆ ಬಾಗಿಲು ತೆಗೆಯುವುದಿಲ್ಲ. ನಾನು ತೆಗೆಯದಿದ್ದರೆ ಯಾರು ತೆಗೆಯುತ್ತಾರೆ ನೋಡೇಬಿಡೋಣ.

(ಮಾವ, ಇಷ್ಟು ಹೇಳಿ ಅಮ್ಮ ಸುಸ್ತಾಗಿ ಮಲಗಿದ್ದಾರೆ. ಆದರೆ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಸಿಟ್ಟು ಇದೆ. ಹಳೇ ಅಮ್ಮನ ಸಿಟ್ಟು.)

ನಿನ್ನ ತಂಗಿ


22 ಜುಲೈ 2016

ನನ್ನ ಚಿನಕುರಳಿಗೆ,

ಅರ್ಧಕ್ಕೆ ಇಳಿದಿದೆ! ಸೋರುವುದು ಅರ್ಧಕ್ಕೆ ಇಳಿದಿದೆಯೇ! ಈ ಸಲ ಸುಳ್ಳು ಇಳಿತವಲ್ಲ, ಡಾಕ್ಟರಮ್ಮನನ್ನು ಮೂರು ಸಲ ಕೇಳಿದೆ. ರಕ್ತವನ್ನೂ ನೋಡಿದ್ದಾಳೆ, ಬಿ.ಪಿ.ಯೂ ಹಿಡಿತಕ್ಕೆ ಬಂದಿದೆ. ಒಂದು ಹೊತ್ತೂ ಮಾತ್ರೆ ಬಿಡಲಿಲ್ಲ. ಮಾತ್ರೆಯ ಹೊತ್ತಿಗೆ ಗಡಿಯಾರದವನು ಗೋಡೆ ಗುದ್ದುತ್ತಾನೆ. ಅವನ ಅಂಗಡಿಯಲ್ಲಿ ಸರಿಯಾದ ಗಂಟೆ ತೋರಿಸುವ ಗಡಿಯಾರ ಒಂದೇ ಒಂದಿದೆ, ಅದನ್ನು ನನಗಾಗಿ ಇಟ್ಟಿದ್ದಾನೆ. ಸಪ್ಪೆ ಟೀ ಕುಡಿಯುತ್ತೇನೆ. ಬಿಸಿನೀರಿಗೂ ಅದಕ್ಕೂ ವ್ಯತ್ಯಾಸ ಬಣ್ಣ ಮಾತ್ರ.

ಇನ್ನು ನೀನು ಬಾಗಿಲು ತೆಗೆಯಲೇಬೇಕು. ಮುಂದಿನ ತಿಂಗಳ ಮೊದಲ ವಾರಕ್ಕೆ ಟಿಕೆಟ್ ತೆಗೆದಿದ್ದೇನೆ. ನಿನ್ನ ಯಂತ್ರದ ಪಕ್ಕ ಕೂರುತ್ತೇನೆ. ಕಿರುಚು, ನನಗೆ ಹೇಗಿದ್ದರೂ ಕೇಳಿಸುವುದಿಲ್ಲ. ಮೀನಖಂಡ ಹಿಡಿದರೆ ತಿಕ್ಕುತ್ತೇನೆ. ನಿನ್ನ ಮುಖ ಹೇಗಾದರೂ ಇರಲಿ, ನನ್ನದೇನು ಮಹಾ ಚೆನ್ನಾಗಿದೆಯೇ?

ಅಣ್ಣ


9 ಆಗಸ್ಟ್ 2016

ಮಾವನಿಗೆ,

ಗಡಿಯಾರದಂಗಡಿಯವರ ಫೋನಿನಲ್ಲಿ ನಾನು ಹೇಳಿದ್ದನ್ನು ಅವರು ನಿಮ್ಮ ಕಿವಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು. ಆಮೇಲೆ ಅವರೇ, "ಇನ್ಯಾರನ್ನ ನೋಡೋಕೆ ಹೋಗಲಿ ಅಂತಿದ್ದಾನಮ್ಮ" ಎಂದರು. ನೀವು ಬರಲಿಲ್ಲವೆಂದು ನನಗೆ ಬೇಸರವಿಲ್ಲ, ಮಾವ. ಅಮ್ಮನ ಕೊನೆಯ ದಿನದ ಮಾತು ನಿಮಗೆ ಬೇಕೇಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಸೋಮವಾರ ಬಂತು. ಡಯಾಲಿಸಿಸ್ ಕೋಣೆಯಲ್ಲೇ ಓದಿ ಹೇಳಿದೆ. ಅರ್ಧಕ್ಕೆ ಇಳಿದಿದೆ ಎಂಬಲ್ಲಿಗೆ ಬಂದಾಗ, "ಇನ್ನೊಂದ್ಸಲ ಓದು" ಎಂದರು. ಓದಿದೆ. ಪಕ್ಕದ ಹಾಸಿಗೆಯವರನ್ನು ಎಬ್ಬಿಸಿ, ನರ್ಸನ್ನು ಕರೆದು, "ನಮ್ಮಣ್ಣ ಪಾಸಾದ, ಗೊತ್ತಾ? ನಾನು ಪಾಠ ಹೇಳಿಕೊಟ್ಟದ್ದು" ಎಂದರು. ಆ ದಿನ ಒಂದು ಮಂಜಿನ ಚೂರು ಜಾಸ್ತಿ ಕೇಳಿದರು, ಕೊಟ್ಟೆ. ಮಂಗಳವಾರ ಬೆಳಿಗ್ಗೆ ಎದ್ದು ಕೂತು, ತಲೆ ಬಾಚಿಸಿಕೊಳ್ಳುತ್ತಿದ್ದವರು ಹಾಗೇ ನನ್ನ ಕೈಗೆ ಒರಗಿದರು. ಹೃದಯ ನಿಂತಿತು ಎಂದರು ಡಾಕ್ಟರು. ಮುಂಗೈಯನ್ನು ಮುಟ್ಟಿ ನೋಡಿದೆ. ಏನೂ ಇರಲಿಲ್ಲ.

ಮಾವ, ಒಂದು ಮಾತು. ಅಜ್ಜಿಗೆ ಇತ್ತು, ಅಮ್ಮನಿಗೆ ಇತ್ತು, ನಿಮಗೂ ಇದೆ. ನೀನೂ ಪರೀಕ್ಷೆ ಮಾಡಿಸಿಕೋ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ಎರಡು ಸಲ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ದಿನವಿಡೀ ಗಾಜಿನ ಹಿಂದೆ ಕೂತು ಜನರನ್ನು ಎಲ್ಲೆಲ್ಲಿಗೋ ಕಳಿಸುತ್ತೇನೆ, ನನಗೆ ಆ ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಸೊಸೆ


16 ಆಗಸ್ಟ್ 2016

ಮಗಳೇ,

ನಿನ್ನ ಕಾಗದ ಈಗ ತಾನೇ ಬಂತು. ಅಂಗಡಿಯ ಬೀಗ ಗಡಿಯಾರದವನ ಕೈಗೆ ಕೊಟ್ಟೆ. ಹಳೇ ಟಿಕೆಟ್ಟಿನ ತಾರೀಕು ಕಳೆದುಹೋಯಿತು, ಹೊಸದನ್ನು ಅವನೇ ಓಡಿ ಹೋಗಿ ತಂದ. ನಾಳೆ ಬೆಳಿಗ್ಗೆ ಹೊರಟು ಶುಕ್ರವಾರ ಅಲ್ಲಿರುತ್ತೇನೆ. ಈ ಕಾಗದ ನನಗಿಂತ ಮುಂಚೆ ಬರುತ್ತದೋ ಇಲ್ಲವೋ, ಬರೆಯದೆ ಇರಲಾಗಲಿಲ್ಲ.

ನೀನು ವಾಪಸು ಬಂದದ್ದಕ್ಕೆ ನಾಚಿಕೆ ಪಡಬೇಡ. ಬಾಗಿಲವರೆಗೆ ಹೋದೆಯಲ್ಲ, ನಿಮ್ಮಮ್ಮನೂ ನಾನೂ ಅಷ್ಟೂ ಹೋಗಲಿಲ್ಲ. ಭಯ ಹೋಗಲಿ ಎಂದು ಕಾಯುವುದು ಬೇಡ. ಭಯವನ್ನು ಜೊತೆಗೇ ಕರೆದುಕೊಂಡು ಹೋಗೋಣ, ಅದಕ್ಕೇನು ಟಿಕೆಟ್ಟೇ? ಶನಿವಾರ ಬೆಳಿಗ್ಗೆ ಇಬ್ಬರೂ ಹೋಗೋಣ. ನನಗೂ ಹೇಗಿದ್ದರೂ ಇನ್ನೊಂದು ಪರೀಕ್ಷೆ ಬಾಕಿಯಿದೆ, ಅಲ್ಲೇ ಮಾಡಿಸಿಬಿಡುತ್ತೇನೆ.

ಸಾಲಿನಲ್ಲಿ ನಿನ್ನ ಮುಂದೆ ನಾನು ನಿಲ್ಲುತ್ತೇನೆ.

ನಿನ್ನ ಮಾವ